ಒಂದು ರೂಪಾಯಿಯ ಗುಡ್ಡ

ನೆದರ್‌ಲ್ಯಾಂಡ್ಸಿನಲ್ಲಿ ಗುಡ್ಡ ಕಂಡರೆ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ದಕ್ಷಿಣದ ಲಿಂಬರ್ಗ್, ನಡುವಿನ ವೆಲುವೆಯಂಥ ಕೆಲವು ಭಾಗ ಬಿಟ್ಟರೆ ಈ ದೇಶ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಡ್ರೆಂಥೆ ಪ್ರಾಂತ್ಯದ ವೈಸ್ಟರ್ ಎಂಬ ಊರಿನ ಬಳಿಯ ಹಸಿರು ಗುಡ್ಡಕ್ಕೆ ಹೋಗಿದ್ದೆ. ಸೈಕಲ್ ಸವಾರರಿಗೆ ಅದು ಪ್ರಿಯವಾದ ಏರು. 2023ರ ಯುರೋಪಿಯನ್ ಸೈಕ್ಲಿಂಗ್ ಚಾಂಪಿಯನ್‌ಶಿಪ್ ಕೂಡ ಅಲ್ಲಿ ನಡೆದಿದೆ. ಹೆಸರು ವಾಮ್ ಬೆಟ್ಟ. ವಾಮ್ ಎಂಬುದು 1929ರಲ್ಲಿ ಹುಟ್ಟಿದ ಕಸದ ಕಂಪನಿ. ಹೇಗ್ ಮೊದಲಾದ ನಗರಗಳ ಕಸವನ್ನು ರೈಲಿನಲ್ಲಿ ತರಿಸಿ ಅಲ್ಲಿ ಗೊಬ್ಬರ ಮಾಡುತ್ತಿತ್ತು. ಗೊಬ್ಬರವಾಗದೆ ಉಳಿದದ್ದು ಬೆಳೆದು ಬೆಟ್ಟವಾಯಿತು.

ಇದನ್ನೆಲ್ಲ ವಿವರಿಸಿದ ಮೇಲೆ ಮಗಳು ಕೇಳಿದಳು: "ಅಪ್ಪಾ, ಹಾಗಾದರೆ ಈ ಗುಡ್ಡ ಈಗ ಯಾರದು?"

ಲೆಕ್ಕಪರಿಶೋಧಕನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಕಸದ ಗುಡ್ಡ ಆಸ್ತಿಯೋ, ಸಾಲವೋ? ಸಾಲವಾದರೆ ಯಾರ ಹೆಸರಿನಲ್ಲಿ? ಈ ದೇಶ ಅದಕ್ಕೆ ಉತ್ತರ ಕಂಡುಕೊಂಡದ್ದು ಒಂದು ಪುಟ್ಟ ಹಳ್ಳಿಯ ಕಥೆಯಿಂದ.

ರೋಟರ್‌ಡ್ಯಾಮಿನ ಪೂರ್ವಕ್ಕೆ, ಲೆಕ್ ನದಿಯ ದಂಡೆಯಲ್ಲಿ ಲೆಕ್ಕರ್‌ಕರ್ಕ್ ಎಂಬ ಊರಿದೆ. 1970ರ ದಶಕದಲ್ಲಿ ಅಲ್ಲಿ ಹೊಸ ಬಡಾವಣೆ ಎದ್ದಿತು. ತಗ್ಗು ನೆಲ, ತುಂಬ ಕಾಲುವೆಗಳು. ಅವನ್ನು ಕಟ್ಟಡದ ಅವಶೇಷ, ಮನೆಗಳ ಕಸ ಹಾಕಿ ತುಂಬಿದರು. ಅದರ ಜೊತೆಗೆ ಕಾರ್ಖಾನೆಗಳ ರಾಸಾಯನಿಕ ತ್ಯಾಜ್ಯದ ಪೀಪಾಯಿಗಳೂ ಹೋದವು. ಆ ಹೊತ್ತಿಗೆ ಅದು ಅಗ್ಗದ ಕೆಲಸ. 1978ರಲ್ಲಿ ಕುಡಿಯುವ ನೀರಿನ ಕೊಳವೆ ಒಡೆದು ರಿಪೇರಿಗೆ ಅಗೆದಾಗ ಗುಟ್ಟು ಹೊರಬಿತ್ತು. ಮಣ್ಣಿನೊಳಗಿನ ದ್ರಾವಕಗಳು ಪ್ಲಾಸ್ಟಿಕ್ ಕೊಳವೆಯನ್ನೇ ತಿಂದಿದ್ದವು. 1980ರಲ್ಲಿ ಸುಮಾರು 270 ಕುಟುಂಬಗಳನ್ನು ತೆರವು ಮಾಡಿಸಿದರು. ಮನೆಗಳ ಅಡಿಯ ಮಣ್ಣನ್ನು ಅಗೆದು ತೆಗೆದರು. 1,600ಕ್ಕೂ ಹೆಚ್ಚು ಪೀಪಾಯಿಗಳು ಹೊರಬಂದವು. ಶುದ್ಧಿಯ ಖರ್ಚು ಹತ್ತು ಕೋಟಿ ಗಿಲ್ಡರ್ ದಾಟಿತು.

ಲೆಕ್ಕರ್‌ಕರ್ಕ್ ಒಂದೇ ಅಲ್ಲ ಎಂದು ಬೇಗ ತಿಳಿಯಿತು. ಅದೇ 1980ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕಿರುವ ಫೋಲ್ಗರ್‌ಮೇರ್‌ಪೋಲ್ಡರಿನಲ್ಲಿ, ನಗರದ ಕಸ ಸುರಿಯುವ ಜಾಗದಲ್ಲಿ, ಡಯಾಕ್ಸಿನ್ ಇರುವ ಪೀಪಾಯಿಗಳು ಸಿಕ್ಕವು. ಗೌಡರಾಕ್ ಎಂಬಲ್ಲಿ ಶೆಲ್ ಕಂಪನಿಯ ಕೀಟನಾಶಕ ತ್ಯಾಜ್ಯದ ಮೇಲೆ ಕಟ್ಟಿದ್ದ ಬಡಾವಣೆಯನ್ನೇ ನೆಲಸಮ ಮಾಡಬೇಕಾಯಿತು. 1983ರಲ್ಲಿ ಮಣ್ಣಿನ ಶುದ್ಧಿಗೆಂದೇ ತಾತ್ಕಾಲಿಕ ಕಾನೂನು ಬಂತು. ಸರ್ಕಾರ ಕಂಪನಿಗಳ ಮೇಲೆ ದಾವೆ ಹೂಡಿತು. ಆದರೆ 1990ರ ದಶಕದಲ್ಲಿ ಇಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದು ಗೆರೆ ಎಳೆಯಿತು: ನೆಲ ಶುದ್ಧಿಯ ಖರ್ಚು ಒಂದು ದಿನ ಸರ್ಕಾರದ ತಲೆಗೆ ಬರುತ್ತದೆ ಎಂದು 1975ರ ಜನವರಿ 1ಕ್ಕೆ ಮೊದಲು ಸುರಿದವರು ಅರಿತಿರಬೇಕಿತ್ತು ಎಂದು ಸಾಮಾನ್ಯವಾಗಿ ಹೇಳಲಾಗದು. ಹೀಗೆ ಹಳೆಯ ಸಾಲದ ದೊಡ್ಡ ಪಾಲು ತೆರಿಗೆದಾರರ ಖಾತೆಗೆ ಬಿತ್ತು.

ಈ ಪೆಟ್ಟಿನಿಂದ ಕಲಿತ ಪಾಠ 1998ರಲ್ಲಿ ಕಾನೂನಾಯಿತು. 1996ರ ಸೆಪ್ಟೆಂಬರ್ 1ರಿಂದ ಈಚೆಗೆ ಕಸ ಬಿದ್ದ ಪ್ರತಿ ಜಾಗವನ್ನೂ, ಮುಚ್ಚಿದ ಮೇಲೆ ಪ್ರಾಂತ್ಯ ಸರ್ಕಾರ ನೋಡಿಕೊಳ್ಳಬೇಕು. ಎಷ್ಟು ಕಾಲ? ಶಾಶ್ವತವಾಗಿ. ಆ ಖರ್ಚಿನ ಹಣವನ್ನು, ಜಾಗ ನಡೆಸುವವರು ಕಸ ಬೀಳುತ್ತಿರುವಾಗಲೇ ನಿಧಿಗೆ ಕಟ್ಟಬೇಕು. ವರ್ಷಕ್ಕೆ ಒಂದು ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡಾ 5 ಬರುತ್ತದೆಂದರೆ ಇಂದು 20 ಲಕ್ಷ ಇಟ್ಟರೆ ಸಾಕು. ಶೇಕಡಾ 2 ಮಾತ್ರ ಎಂದರೆ 50 ಲಕ್ಷ ಬೇಕು. ಯಾವ ಬಡ್ಡಿ ದರ ಹಿಡಿಯಬೇಕು ಎಂದು ಇಲ್ಲಿ ಪ್ರಾಂತ್ಯಗಳೂ ಕಂಪನಿಗಳೂ ಜಗಳವಾಡಿವೆ. ಜಗಳವಾದರೂ ಇರಲಿ. ಸಾಲ ಇದೆ ಎಂದು ಒಪ್ಪಿಕೊಂಡವರು ಮಾತ್ರ ಬಡ್ಡಿಗೆ ಜಗಳವಾಡುತ್ತಾರೆ. 1995ರಿಂದ ಕಸ ಹೂಳುವುದಕ್ಕೆ ತೆರಿಗೆಯೂ ಬಂದು, ಹೂಳುವುದೇ ದುಬಾರಿಯಾಯಿತು. ಇಂದು ಮನೆಗಳ ಕಸದಲ್ಲಿ ನೆಲಕ್ಕೆ ಸೇರುವುದು ತೀರ ಕಡಿಮೆ.

ಇದನ್ನು ಓದುವಾಗೆಲ್ಲ ನನಗೆ ಒಬ್ಬ ಮುಖ್ಯ ಶಿಕ್ಷಕಿಯ ನೆನಪು ಬರುತ್ತದೆ.

ನಾನು ಸಿ.ಎ. ಮುಗಿಸಿದ ಹೊಸತು. ಕರ್ನಾಟಕದ ನಗರಾಡಳಿತ ಸಂಸ್ಥೆಗಳು ಹಳೆಯ ನಗದು ಪುಸ್ತಕ ಬಿಟ್ಟು ದ್ವಿನಮೂದು ಲೆಕ್ಕಕ್ಕೆ ಬದಲಾಗುತ್ತಿದ್ದ ಕಾಲ. ಒಂದು ಊರಿನ ಆಸ್ತಿಗಳನ್ನು ಪಟ್ಟಿ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂತು. ಊರಾಚೆಯ ಗೋಮಾಳದಲ್ಲಿ ಕಸ ಸುರಿಯುವ ಜಾಗ. ಅದಕ್ಕೆ ತಾಗಿದಂತೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡೂ ಅಲ್ಲಿ ಇದ್ದುದಕ್ಕೆ ಕಾರಣ ಒಂದೇ: ಜಾಗ ಪುಕ್ಕಟೆ. ದುಡ್ಡು ಕೊಡದೆ ಬಂದ ಆಸ್ತಿಯನ್ನು ಒಂದು ರೂಪಾಯಿ ಎಂದು ನಮೂದಿಸುವುದು ನಿಯಮ. ಹಾಗೆಯೇ ಬರೆದೆ. ಆಗ ಮಧ್ಯಾಹ್ನದ ಬಿಸಿಯೂಟದ ಹೊತ್ತು. ಮಕ್ಕಳು ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದು ಕೈಯಲ್ಲಿ ತಟ್ಟೆಯ ಮೇಲಿನ ನೊಣ ಓಡಿಸುತ್ತಿದ್ದರು. ಮುಖ್ಯ ಶಿಕ್ಷಕಿ ನನ್ನ ಪುಸ್ತಕ ನೋಡಿ, "ಸರ್, ನಮ್ಮ ನೊಣಾನೂ ಬರ್ಕೊಳ್ರಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಒಂದು ರೂಪಾಯಿ ಎಂದಾಗ ಅಮೆರಿಕದ ಕಥೆಯೊಂದನ್ನು ಹೇಳಬೇಕು. ನಯಾಗರಾ ಫಾಲ್ಸ್ ನಗರದ ಲವ್ ಕೆನಾಲಿನಲ್ಲಿ ಹುಕರ್ ಕಂಪನಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂಳಿತ್ತು. 1953ರಲ್ಲಿ ಆ ಜಾಗವನ್ನು ಅಲ್ಲಿನ ಶಿಕ್ಷಣ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಮುಂದೆ ತೊಂದರೆಯಾದರೆ ಹೊಣೆ ತಮ್ಮದಲ್ಲ ಎಂದು ಕ್ರಯಪತ್ರದಲ್ಲೇ ಬರೆಸಿತು. ಮಂಡಳಿ ಅಲ್ಲಿ ಶಾಲೆ ಕಟ್ಟಿತು. 1978ರಲ್ಲಿ, ಅದೇ ಶಾಲೆಗೆ ಮಗನನ್ನು ಕಳಿಸುತ್ತಿದ್ದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದರು. ಆ ವರ್ಷ ಶಾಲೆ ಮುಚ್ಚಿತು. ಅಲ್ಲಿ ಒಂದು ಡಾಲರ್, ಇಲ್ಲಿ ಒಂದು ರೂಪಾಯಿ. ಎರಡು ಕಡೆಯೂ ಕಾಗದದ ಮೇಲೆ ಸಾಲವಿಲ್ಲ.

ಕಸದ ಜಾಗ ಯಾಕೆ ಶಾಲೆಯ ಕಡೆಗೇ ಬೆಳೆಯುತ್ತದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹೊಸ ಜಾಗಕ್ಕೆ ಕೋಟಿಗಟ್ಟಲೆ ಬೇಕು, ಹೊಸ ಊರಿನವರ ವಿರೋಧ ಬೇರೆ. ಹಳೆಯ ಜಾಗದ ಬೆಲೆ ಒಂದು ರೂಪಾಯಿ. ಆದ್ದರಿಂದ ಹಳೆಯದನ್ನೇ ಹಿಗ್ಗಿಸುವುದು ಲಾಭವಾಗಿ ಕಾಣುತ್ತದೆ. ಬೆಂಗಳೂರಿನ ಕಸಕ್ಕೆ ಮಂಡೂರಿನವರು ವರ್ಷಗಟ್ಟಲೆ ಮೂಗು ಮುಚ್ಚಿಕೊಂಡರು. 2014ರಲ್ಲಿ ಲಾರಿಗಳನ್ನು ತಡೆದ ಮೇಲೆ, ಆ ವರ್ಷದ ನವೆಂಬರ್ ಕೊನೆಗೆ ಸುರಿಯುವುದು ನಿಂತಿತು. ಲಾರಿಗಳು ನಿಲ್ಲಲಿಲ್ಲ. ಮುಂದೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳತ್ತ ತಿರುಗಿದವು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ 6ರಂದು ಮಳೆಗೆ ಕಸದ ರಾಶಿಯೇ ಜಾರಿ ಮಂದಾರದ ಮೇಲೆ ಹರಿಯಿತು. ಅಡಿಕೆ, ತೆಂಗಿನ ತೋಟಗಳು, ಮನೆಗಳು ಅದರಡಿ ಹೋದವು. 27 ಕುಟುಂಬಗಳು ಊರು ಬಿಟ್ಟವು. ಅದುವರೆಗೆ ಪುಸ್ತಕದಲ್ಲಿ ಕಾಣದಿದ್ದ ಸಾಲ ಅವರ ಅಂಗಳಕ್ಕೇ ಬಂದು ವಸೂಲಿ ಮಾಡಿತು.

ನಮ್ಮಲ್ಲಿ ನಿಯಮ ಇಲ್ಲವೆಂದಲ್ಲ. 2000ದ ನಿಯಮವೇ, ಮುಚ್ಚಿದ ಜಾಗವನ್ನು ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಎಂದಿತ್ತು. 2016ರ ನಿಯಮ ಜನವಸತಿಯಿಂದ 200 ಮೀಟರ್ ದೂರ ಹೇಳಿತ್ತು. ಆದರೆ ಆ 15 ವರ್ಷದ ಹಣವನ್ನು ಮೊದಲ ಲಾರಿ ಬಂದ ದಿನದಿಂದಲೇ ಎತ್ತಿಡದಿದ್ದರೆ ನಿಯಮ ಬರೀ ಕಾಗದ. ನನ್ನ ಪಟ್ಟಿಯಲ್ಲಿ ಆ ಕಲಮು ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಡಚ್ಚರು ನಮಗಿಂತ ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ಅವರೂ ಮೊದಲು ಕಾಲುವೆಗೆ ಸುರಿದವರೇ. ಪೆಟ್ಟು ತಿಂದ ಮೇಲೆ ಸಾಲವನ್ನು ಬರೆದಿಟ್ಟರು, ಅಷ್ಟೇ. ಫೋಲ್ಗರ್‌ಮೇರ್‌ಪೋಲ್ಡರನ್ನು ಮುಚ್ಚಿ ಮುಗಿಸಲು 2011ರವರೆಗೆ ಹಿಡಿಯಿತು. ಈಗ ಅಲ್ಲಿ ನೀರು, ಜೊಂಡು, ಹಕ್ಕಿಗಳು. ಕೆಳಗೆ ವಿಷ ಹಾಗೆಯೇ ಇದೆ, ಕಾವಲೂ ಇದೆ.

ಕಳೆದ ಸಲ ರಜೆಗೆ ಹೋದಾಗ ಆ ಶಾಲೆಯ ದಾರಿಯಲ್ಲಿ ಹಾದೆ. ಗುಡ್ಡ ಕಾಂಪೌಂಡಿನವರೆಗೆ ಬಂದಿತ್ತು. ಗೋಡೆಯನ್ನು ಎರಡು ವರಸೆ ಎತ್ತರಿಸಿದ್ದರು. ಆ ಮುಖ್ಯ ಶಿಕ್ಷಕಿ ನಿವೃತ್ತರಾಗಿ ಬಹಳ ಕಾಲವಾಗಿತ್ತಂತೆ. ಎಸ್‌ಡಿಎಂಸಿಯ ಕೆಲವು ಪೋಷಕರು ಸಿಕ್ಕರು. ನಾನು ಅವರಿಗೆ ಒಂದು ಅರ್ಜಿ ಬರೆದುಕೊಟ್ಟೆ. ವಾಸನೆ, ನೊಣದ ದೂರನ್ನು ಅವರು ಎಷ್ಟೋ ಸಲ ಕೊಟ್ಟಿದ್ದರು. ಇದರಲ್ಲಿ ಕೇಳಿದ್ದು ಬೇರೆ: ಈ ಜಾಗವನ್ನು ಮುಚ್ಚುವ ಖರ್ಚು ಎಷ್ಟು, ಅದಕ್ಕೆಂದು ಈ ವರ್ಷದ ಬಜೆಟ್ಟಿನಲ್ಲಿ ಎತ್ತಿಟ್ಟದ್ದು ಎಷ್ಟು?

ಉತ್ತರ ಇನ್ನೂ ಬಂದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಮತ್ತೆ ಕೇಳಿ ಎಂದು ಹೇಳಿದ್ದೇನೆ.