ಸ್ಪಾಕ್ ಯಾರಪ್ಪನ ಸ್ವತ್ತು?

ದೊಡ್ಡ ಸಿನಿಮಾ ಸರಣಿಯೊಂದರ ಮುಂದಿನ ಭಾಗವನ್ನು ಇಂಥವರು ನಿರ್ದೇಶಿಸುತ್ತಾರೆ ಅಂತ ಸುದ್ದಿ ಬಂದರೆ ಸಾಕು, ಅರ್ಧ ಗಂಟೆಯೊಳಗೆ ಅಭಿಮಾನಿಗಳಲ್ಲಿ ಎರಡು ಪಕ್ಷ ಆಗಿಬಿಡುತ್ತವೆ. ಒಂದು ಪಕ್ಷದವರು ಕೇಳುವುದು, "ಇವರು ನಮ್ಮವರಾ? ಹಳೆಯದನ್ನೆಲ್ಲ ನೋಡಿದ್ದಾರಾ?" ಇನ್ನೊಂದು ಪಕ್ಷದ ವಾದ ಇದಕ್ಕೆ ಪೂರ್ತಿ ಉಲ್ಟಾ: "ಭಕ್ತರ ಕೈಗೆ ಕೊಟ್ಟರೆ ಪೂಜೆ ಮಾಡ್ತಾರೆ, ಸಿನಿಮಾ ಮಾಡಲ್ಲ. ಹೊರಗಿನವರೇ ಬರಲಿ." ಬಾಂಡ್ ಇರಲಿ, ಬ್ಯಾಟ್‌ಮನ್ ಇರಲಿ, ಸ್ಟಾರ್ ವಾರ್ಸ್ ಇರಲಿ, ಜಗಳ ಮಾತ್ರ ಅದೇ.

ಈ ಜಗಳ ಇಂದಿನದಲ್ಲ. ಇದರ ಎರಡೂ ವಾದಗಳನ್ನು ದುಡ್ಡು ಸುರಿದು ಪರೀಕ್ಷೆ ಮಾಡಿ ನೋಡಿದ ಸರಣಿಯೊಂದು ಇದೆ. ಅದು ಸ್ಟಾರ್ ಟ್ರೆಕ್. ಹುಟ್ಟಿಸಿದವರು, ಏನೂ ಗೊತ್ತಿಲ್ಲದ ಹೊರಗಿನವರು, ಒಳಗಿನ ನಟರು, ಕಟ್ಟಾ ಅಭಿಮಾನಿಗಳು, ಕೊನೆಗೆ ಎದುರು ಪಕ್ಷವಾದ ಸ್ಟಾರ್ ವಾರ್ಸ್‌ನ ಅಭಿಮಾನಿ: ಎಲ್ಲರ ಕೈಗೂ ಒಂದೊಂದು ಸಲ ಕೊಟ್ಟು ನೋಡಿದ್ದಾರೆ. ಆ ಕಥೆ ಗೊತ್ತಾದ ಮೇಲೆ ನನಗೆ ಈ ಎರಡೂ ಪಕ್ಷಗಳ ಮೇಲೆ ನಂಬಿಕೆ ಹೋಗಿದೆ. ಯಾಕೆ ಅಂತ ಹೇಳ್ತೀನಿ.

ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿಯಾಗಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ಕ್ಕೆ. ಹುಟ್ಟಿಸಿದವರು ಜೀನ್ ರಾಡನ್‌ಬೆರಿ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದ್ದವರು, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಆಗಿದ್ದವರು, ಅಲ್ಲಿಂದ ಟಿವಿ ಬರವಣಿಗೆಗೆ ಬಂದವರು. ಮುಂದೊಂದು ದಿನ ಮನುಷ್ಯರು ತಮ್ಮ ತಮ್ಮಲ್ಲಿ ಹೊಡೆದಾಡುವುದನ್ನು ಬಿಟ್ಟು ಒಟ್ಟಾಗಿ ನಕ್ಷತ್ರಗಳ ಕಡೆ ಹೊರಡುತ್ತಾರೆ ಅನ್ನುವುದು ಅವರ ಕನಸು. ವೀಕ್ಷಕರ ಸಂಖ್ಯೆ ಹೇಳಿಕೊಳ್ಳುವಂತಿರಲಿಲ್ಲ. ಎರಡನೇ ಸೀಸನ್ ಹೊತ್ತಿಗೆ ಧಾರಾವಾಹಿ ನಿಲ್ಲುತ್ತದೆ ಅಂತ ಗುಲ್ಲೆದ್ದಿತು.

ಆಗ ಅಭಿಮಾನಿಗಳು ಎದ್ದು ನಿಂತರು. ಬಿಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಮುಂದೆ ನಿಂತು ಪತ್ರ ಚಳವಳಿ ಕಟ್ಟಿದರು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್‌ನ ವಿದ್ಯಾರ್ಥಿಗಳು ಎನ್‌ಬಿಸಿಯ ಬರ್ಬ್ಯಾಂಕ್ ಕಚೇರಿಗೆ ಮೆರವಣಿಗೆ ಹೋದರು. ಪತ್ರಗಳು ಲಕ್ಷ ದಾಟಿದವು. ಕಡೆಗೆ ಆ ಮಾರ್ಚ್‌ನಲ್ಲಿ ಎನ್‌ಬಿಸಿ, ಧಾರಾವಾಹಿ ಮುಂದುವರಿಯುತ್ತದೆ ಅಂತ ಟಿವಿಯಲ್ಲೇ ಘೋಷಿಸಿತು. ಈ ಚಳವಳಿಗೆ ರಾಡನ್‌ಬೆರಿಯವರೇ ಒಳಗಿಂದೊಳಗೆ ಕುಮ್ಮಕ್ಕು ಕೊಟ್ಟಿದ್ದರು ಅನ್ನೋದು ಬೇರೆ ಮಾತು.

ಅಭಿಮಾನಿಗಳು ಗೆದ್ದರು ಅಂತ ಇಲ್ಲಿಗೇ ಕಥೆ ನಿಲ್ಲಿಸುವವರೇ ಜಾಸ್ತಿ. ಮುಂದೆ ಆದದ್ದು ಕೇಳಿ. ಒಳ್ಳೆಯ ಸಮಯ ಕೊಟ್ಟರೆ ನಾನೇ ಖುದ್ದಾಗಿ ನಿಂತು ನಿರ್ಮಾಣ ನೋಡಿಕೊಳ್ಳುತ್ತೇನೆ ಅಂತ ರಾಡನ್‌ಬೆರಿ ಹೇಳಿದ್ದರು. ಎನ್‌ಬಿಸಿ ಕೊಟ್ಟದ್ದು ಶುಕ್ರವಾರ ರಾತ್ರಿ 10 ಗಂಟೆ. ಹುಡುಗರೆಲ್ಲ ಮನೆಯಿಂದ ಹೊರಗಿರುವ ಹೊತ್ತು. ರಾಡನ್‌ಬೆರಿ ದಿನನಿತ್ಯದ ಕೆಲಸದಿಂದ ಹಿಂದೆ ಸರಿದರು. ಬೇರೆ ನಿರ್ಮಾಪಕರು ಬಂದರು, ಬಜೆಟ್ ಇಳಿಯಿತು. ಮೂರನೇ ಸೀಸನ್ನಿನ ಮೊದಲ ಕಂತಿನಲ್ಲಿ ಯಾರೋ ಸ್ಪಾಕ್‌ನ ಮೆದುಳನ್ನೇ ಕದ್ದುಕೊಂಡು ಹೋಗುತ್ತಾರೆ. ಅಭಿಮಾನಿಗಳು ಇವತ್ತಿಗೂ ಅದನ್ನು ನೆನೆಸಿಕೊಂಡು ತಲೆ ಚಚ್ಚಿಕೊಳ್ಳುತ್ತಾರೆ. 1969ರಲ್ಲಿ, 79 ಕಂತುಗಳಿಗೆ, ಧಾರಾವಾಹಿ ನಿಂತೇ ಹೋಯಿತು. ಪತ್ರ ಬರೆದವರು "ನಿಲ್ಲಿಸಬೇಡಿ" ಅಂತ ಕೇಳಿದ್ದರು, ಅದು ಸಿಕ್ಕಿತು. ಯಾರು ಮಾಡಬೇಕು, ಎಷ್ಟು ದುಡ್ಡಲ್ಲಿ ಮಾಡಬೇಕು ಅನ್ನುವುದು ಮಾತ್ರ ಅವರ ಕೈಯಲ್ಲಿ ಇರಲೇ ಇಲ್ಲ.

ಮರುಪ್ರಸಾರದಲ್ಲಿ ಧಾರಾವಾಹಿಗೆ ಎರಡನೇ ಜನ್ಮ ಸಿಕ್ಕಿತು. 1977ರಲ್ಲಿ ಸ್ಟಾರ್ ವಾರ್ಸ್ ದುಡ್ಡಿನ ಮಳೆ ಸುರಿಸಿದ ಮೇಲೆ ಪ್ಯಾರಾಮೌಂಟ್ ಕಂಪನಿ ಹೊಸ ಟ್ರೆಕ್ ಧಾರಾವಾಹಿಯ ಯೋಜನೆಯನ್ನು ಬದಿಗಿಟ್ಟು ಸಿನಿಮಾಕ್ಕೇ ಕೈಹಾಕಿತು. ನಿರ್ಮಾಪಕರು ಸಾಕ್ಷಾತ್ ರಾಡನ್‌ಬೆರಿ. ನಿರ್ದೇಶಕರು ರಾಬರ್ಟ್ ವೈಸ್, 'ದ ಸೌಂಡ್ ಆಫ್ ಮ್ಯೂಸಿಕ್' ಮಾಡಿ ಆಸ್ಕರ್ ಗೆದ್ದವರು. ಅಭಿಮಾನಿಯೊಬ್ಬ ಕನಸಲ್ಲಿ ಕಟ್ಟಿದ ತಂಡ ಅಂದರೆ ಇದೇ ತಾನೇ?

ಆದರೆ ಚಿತ್ರಕಥೆ ಬರೆದ ಹೆರಾಲ್ಡ್ ಲಿವಿಂಗ್‌ಸ್ಟನ್ ಮತ್ತು ಅದನ್ನು ಮತ್ತೆ ಮತ್ತೆ ತಿದ್ದುತ್ತಿದ್ದ ರಾಡನ್‌ಬೆರಿ ನಡುವೆ ಹಗ್ಗಜಗ್ಗಾಟ. ಚಿತ್ರೀಕರಣ ನಡೆಯುತ್ತಿದ್ದಾಗಲೂ ಪುಟಗಳು ಬದಲಾಗುತ್ತಿದ್ದವು. ಖರ್ಚು ಸುಮಾರು 4.4 ಕೋಟಿ ಡಾಲರ್‌ಗೆ ಏರಿತು, ಆ ಕಾಲಕ್ಕೆ ಕಣ್ಣು ಕತ್ತಲೆ ಬರುವಷ್ಟು. 1979ರ ಡಿಸೆಂಬರ್‌ನಲ್ಲಿ ವೈಸ್ ಹಸಿಹಸಿ ಪ್ರಿಂಟನ್ನೇ ಹಿಡಿದುಕೊಂಡು ವಾಷಿಂಗ್ಟನ್ನಿನ ಮೊದಲ ಪ್ರದರ್ಶನಕ್ಕೆ ಹೋದರು. ಸಿನಿಮಾ ದುಡ್ಡು ಮಾಡಿತು, ನಿಜ. ಆದರೆ ಹಡಗನ್ನು ಸುತ್ತಿ ಸುತ್ತಿ ತೋರಿಸುವ ಆ ನಿಧಾನಕ್ಕೆ ಅಭಿಮಾನಿಗಳೇ ಆಕಳಿಸಿದರು. ಚಲನಚಿತ್ರ ಅಲ್ಲ, ಅಚಲ ಚಿತ್ರ ಅಂತ ತಮಾಷೆ ಹುಟ್ಟಿಕೊಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೆತ್ತವರನ್ನೇ ಸಂಕಲನದ ಕೋಣೆಯಲ್ಲಿ ಕೂರಿಸಿದರೆ ಹೆಗ್ಗಣದ ಒಂದು ಕೂದಲೂ ಕತ್ತರಿಸಲು ಮನಸ್ಸು ಬರುವುದಿಲ್ಲ.

ಪ್ಯಾರಾಮೌಂಟ್ ಈಗ ತೆಗೆದುಕೊಂಡ ತೀರ್ಮಾನ, ನನ್ನ ಪ್ರಕಾರ, ಇಡೀ ಕಥೆಯ ತಿರುವು. ರಾಡನ್‌ಬೆರಿಗೆ 'ಕಾರ್ಯನಿರ್ವಾಹಕ ಸಲಹೆಗಾರ' ಅಂತ ಗೌರವದ ಕುರ್ಚಿ ಕೊಟ್ಟು ಬದಿಗೆ ಕೂರಿಸಿದರು. ಕಾರ್ಪೊರೇಟ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇಂಥ ಡೆಸಿಗ್ನೇಶನ್ನಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಿರ್ಮಾಣಕ್ಕೆ ಬಂದವರು ಟಿವಿಯಲ್ಲಿ ಪಳಗಿದ ಹಾರ್ವ್ ಬೆನೆಟ್. 4.5 ಕೋಟಿಗಿಂತ ಕಡಿಮೆಯಲ್ಲಿ ಮಾಡೋಕಾಗತ್ತಾ ಅಂತ ಕಂಪನಿಯ ಯಜಮಾನರು ಕೇಳಿದಾಗ, ಆ ದುಡ್ಡಲ್ಲಿ ನಾನು ಐದು ಸಿನಿಮಾ ಮಾಡ್ತೀನಿ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ.

ಬೆನೆಟ್ ಸ್ಟಾರ್ ಟ್ರೆಕ್ ಅಭಿಮಾನಿಯಲ್ಲ. ಆದರೆ ಅವರು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಕೂತು 79 ಕಂತುಗಳನ್ನೂ ನೋಡಿದ್ದು. ಬೇರೆಯವರು ಬರೆದಿಟ್ಟ ಹಳೇ ಕೋಡ್ ಕೈಗೆ ಬಂದಾಗ ಒಳ್ಳೆಯ ಇಂಜಿನಿಯರ್ ಮಾಡುವ ಕೆಲಸ ಇದೇ ಅಲ್ವಾ? ಬೈಯುವ ಮೊದಲು, ಬದಲಾಯಿಸುವ ಮೊದಲು, ಪೂರ್ತಿ ಓದುವುದು. ಹಾಗೆ ನೋಡುವಾಗ ಕಣ್ಣಿಗೆ ಬಿದ್ದದ್ದು 1967ರ ಒಂದು ಕಂತು. ಅದರ ಕೊನೆಯಲ್ಲಿ ಖಾನ್ ಎಂಬ ಖಳನನ್ನು ಒಂದು ಗ್ರಹದಲ್ಲಿ ಬಿಟ್ಟು ಬರುತ್ತಾರೆ. ಆಮೇಲೆ ಅವನಿಗೆ ಏನಾಯಿತು? ಈ ಪ್ರಶ್ನೆಯೇ ಎರಡನೇ ಸಿನಿಮಾದ ಬೀಜ.

ನಿರ್ದೇಶಕರಾಗಿ ಬಂದ ನಿಕೋಲಸ್ ಮೇಯರ್ ಕೂಡ ಹೊರಗಿನವರೇ. ಷರ್ಲಾಕ್ ಹೋಮ್ಸ್ ಪಾತ್ರವನ್ನಿಟ್ಟುಕೊಂಡು ಕಾದಂಬರಿ ಬರೆದಿದ್ದರು, ಒಂದು ಸಿನಿಮಾ ಮಾಡಿದ್ದರು, ಸ್ಟಾರ್ ಟ್ರೆಕ್ ನೋಡಿಯೇ ಇರಲಿಲ್ಲ. ಚಿತ್ರಕಥೆಯ ಐದು ಕರಡುಗಳು ಬಿದ್ದಿದ್ದವು, ಒಂದೂ ಸರಿ ಇರಲಿಲ್ಲ. ಎಲ್ಲದರಲ್ಲೂ ನಮಗೆ ಇಷ್ಟವಾದದ್ದನ್ನು ಪಟ್ಟಿ ಮಾಡೋಣ ಅಂತ ಮೇಯರ್ ಹೇಳಿದರು. ಆ ಪಟ್ಟಿ ಇಟ್ಟುಕೊಂಡು 12 ದಿನದಲ್ಲಿ ಹೊಸದಾಗಿ ಬರೆದರು, ತೆರೆಯ ಮೇಲೆ ಲೇಖಕರಾಗಿ ಹೆಸರು ಹಾಕಿಕೊಳ್ಳದೆ. ಬಾಲ್ಯದಲ್ಲಿ ಓದಿದ್ದ ಹಾರ್ನ್‌ಬ್ಲೋವರ್ ಎಂಬ ನೌಕಾ ಕ್ಯಾಪ್ಟನ್ನಿನ ಕಥೆಗಳು ಅವರಿಗೆ ನೆನಪಾದವು. ಇದು ಬಾಹ್ಯಾಕಾಶದಲ್ಲಿ ಅದೇ ಕಥೆ ಅಂತ ಅವರಿಗೆ ಹಿಡಿ ಸಿಕ್ಕಿತು. ತಮಾಷೆ ಏನಂದರೆ, ಕ್ಯಾಪ್ಟನ್ ಕರ್ಕ್‌ನನ್ನು ರೂಪಿಸುವಾಗ ರಾಡನ್‌ಬೆರಿ ಮನಸ್ಸಿನಲ್ಲಿ ಇದ್ದದ್ದೂ ಅದೇ ಹಾರ್ನ್‌ಬ್ಲೋವರ್. ಧಾರಾವಾಹಿ ನೋಡದವರೇ ಅದರ ಬೇರಿಗೆ ಕೈ ಹಾಕಿದ್ದರು.

ಈ ನಡುವೆ ಸ್ಪಾಕ್ ಸಾಯುತ್ತಾನೆ ಅನ್ನುವ ಗುಟ್ಟು ಹೊರಬಿತ್ತು. ಅಭಿಮಾನಿಗಳು ಕೆಂಡವಾದರು. ಪ್ರತಿಭಟನೆಯ ಪತ್ರಗಳು ಮತ್ತೆ ಶುರು. ಗುಟ್ಟು ಬಿಟ್ಟುಕೊಟ್ಟವರು ರಾಡನ್‌ಬೆರಿಯೇ ಅಂತ ಆಗಲೂ ಈಗಲೂ ಅನುಮಾನ ಇದೆ. ಹೊಸಬರು ಬಂದು ನಮ್ಮ ಸ್ಪಾಕ್‌ನನ್ನು ಕೊಲ್ಲುತ್ತಿದ್ದಾರೆ ಅನ್ನುವ ಸಿಟ್ಟು ಸುಳ್ಳಿನ ಸಿಟ್ಟಲ್ಲ. ಧಾರಾವಾಹಿಯನ್ನು ಒಮ್ಮೆ ಸಾವಿನ ಬಾಯಿಂದ ಎಳೆದು ತಂದವರು ಅವರೇ ತಾನೇ?

ಬೆನೆಟ್ ಮತ್ತು ಮೇಯರ್ ಹೆದರಿ ಸಾವನ್ನು ಕಿತ್ತುಹಾಕಲಿಲ್ಲ. ಅಭಿಮಾನಿಗಳಿಗೆ ಏನು ಗೊತ್ತೋ ಮಾಡ್ಕೊಳ್ಳಲಿ ಅಂತ ಕಡೆಗಣಿಸಲೂ ಇಲ್ಲ. ಸಿನಿಮಾದ ಮೊದಲ ದೃಶ್ಯದಲ್ಲೇ ಎಲ್ಲರನ್ನೂ, ಸ್ಪಾಕ್‌ನನ್ನೂ ಸೇರಿಸಿ, 'ಸಾಯಿಸಿ'ಬಿಟ್ಟರು. ಆಮೇಲೆ ನೋಡಿದರೆ ಅದು ತರಬೇತಿಯ ಅಣಕು ಯುದ್ಧ. ನೀನು ಸತ್ತಿಲ್ವಾ ಅಂತ ಕರ್ಕ್ ಸ್ಪಾಕ್‌ನನ್ನು ಕಿಚಾಯಿಸುತ್ತಾನೆ. ಓ, ಗುಸುಗುಸು ಅಂದರೆ ಇಷ್ಟೇನಾ ಅಂತ ಪ್ರೇಕ್ಷಕ ಹಗುರಾಗುತ್ತಾನೆ. ಕೊನೆಯಲ್ಲಿ ನಿಜವಾದ ಸಾವು ಬಂದಾಗ ಆ ಹಗುರತನವೇ ಎದೆಗೆ ಒದೆಯುತ್ತದೆ. ಅಭಿಮಾನಿಗಳ ಸಿಟ್ಟು ಇಲ್ಲದೇ ಹೋಗಿದ್ದರೆ ಆ ದೃಶ್ಯ ಹಾಗೆ ಇರುತ್ತಿರಲಿಲ್ಲ. 1982ರಲ್ಲಿ ಬಂದ 'ದ ರಾತ್ ಆಫ್ ಖಾನ್' ಮೊದಲ ಸಿನಿಮಾದ ಖರ್ಚಿನ ಸುಮಾರು ಕಾಲು ಭಾಗದಲ್ಲಿ ತಯಾರಾಯಿತು. ಟ್ರೆಕ್ ಸಿನಿಮಾಗಳಲ್ಲಿ ಅತ್ಯುತ್ತಮ ಯಾವುದು ಅಂತ ಕೇಳಿದರೆ ಇಂದಿಗೂ ಹೆಚ್ಚಿನವರು ಹೇಳುವ ಹೆಸರು ಇದು.

ಹಾಗಾದರೆ ಹೊರಗಿನವರೇ ಸರಿ ಅಂತ ಎರಡನೇ ಪಕ್ಷದವರು ಸೀಟಿ ಹೊಡೆಯುವ ಮೊದಲು ಮುಂದಿನ ಲೆಕ್ಕವನ್ನೂ ನೋಡಿ. ಮೂರನೆಯ ಮತ್ತು ನಾಲ್ಕನೆಯ ಸಿನಿಮಾಗಳನ್ನು ಸ್ಪಾಕ್ ಪಾತ್ರಧಾರಿ ಲೆನರ್ಡ್ ನಿಮೋಯ್ ನಿರ್ದೇಶಿಸಿದರು. ತಿಮಿಂಗಿಲ ಹುಡುಕಿಕೊಂಡು ಹಳೆಯ ಕಾಲದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವ ನಾಲ್ಕನೆಯದು (1986) ಟ್ರೆಕ್ ಗೊತ್ತಿಲ್ಲದವರನ್ನೂ ಥಿಯೇಟರಿಗೆ ಎಳೆಯಿತು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೂ ಸಿಗಬೇಕು ಅಂತ ಇಬ್ಬರು ನಾಯಕರ ಕರಾರಿನಲ್ಲಿ ಇತ್ತು. ಹಾಗಾಗಿ ಐದನೆಯದು (1989) ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಪಾಲಾಯಿತು, ಮುಗ್ಗರಿಸಿತು. ಇಬ್ಬರೂ ಒಳಗಿನವರೇ. ರೈಕರ್ ಪಾತ್ರ ಮಾಡುತ್ತಿದ್ದ ಜೊನಾಥನ್ ಫ್ರೇಕ್ಸ್ 1996ರಲ್ಲಿ 'ಫಸ್ಟ್ ಕಾಂಟ್ಯಾಕ್ಟ್' ಮಾಡಿ ಗೆದ್ದರು, 1998ರಲ್ಲಿ ಮಾಡಿದ ಇನ್ನೊಂದು ಅಷ್ಟಕ್ಕಷ್ಟೇ. ಇಲ್ಲಂತೂ ಮನುಷ್ಯನೂ ಒಬ್ಬನೇ.

2002ರ 'ನೆಮೆಸಿಸ್' ಇನ್ನೂ ಮಜಾ. ಬರೆದ ಜಾನ್ ಲೋಗನ್ 'ಗ್ಲ್ಯಾಡಿಯೇಟರ್' ಖ್ಯಾತಿಯವರು, ಟ್ರೆಕ್‌ನ ಕಟ್ಟಾ ಅಭಿಮಾನಿ. ನಿರ್ದೇಶಕ ಸ್ಟುವರ್ಟ್ ಬೇರ್ಡ್ ಹೆಸರಾಂತ ಸಂಕಲನಕಾರ, ಟ್ರೆಕ್‌ಗೆ ಪೂರ್ತಿ ಹೊಸಬರು. ಒಳಗಿನ ಪ್ರೀತಿ, ಹೊರಗಿನ ಕಣ್ಣು, ಎರಡೂ ಇತ್ತು. ಸಿನಿಮಾ ಮಕಾಡೆ ಮಲಗಿತು. ಹೊರಗಿನವರಾಗಿದ್ದ ಬೆನೆಟ್ ಕೂತು ನೋಡಿದ್ದರು. ಬೇರ್ಡ್ ಪಾತ್ರಗಳ ಪರಿಚಯ ಮಾಡಿಕೊಳ್ಳಲೂ ಮನಸ್ಸು ಮಾಡಲಿಲ್ಲ ಅಂತ ನಟರೇ ಆಮೇಲೆ ದೂರಿದರು. ಹೊರಗಿನವರಾಗಿರುವುದು ಬೇರೆ, ಹೊರಗೇ ನಿಂತುಬಿಡುವುದು ಬೇರೆ.

2009ರಲ್ಲಿ ಜೆ. ಜೆ. ಏಬ್ರಮ್ಸ್ ಬಂದರು. ನಾನು ಸ್ಟಾರ್ ವಾರ್ಸ್ ಕಡೆಯವನು ಅಂತ ಬಾಯಿಬಿಟ್ಟೇ ಹೇಳಿದವರು. ಅವರ ಮೊದಲ ಟ್ರೆಕ್ ಸಿನಿಮಾ ಭರ್ಜರಿಯಾಗಿ ಓಡಿತು. ಆದರೆ 2013ರ ಎರಡನೆಯದರಲ್ಲಿ ಅಭಿಮಾನಿಗಳಿಗೆ ಇಷ್ಟ ಅಂತ ಗೊತ್ತಿದ್ದದ್ದನ್ನೇ ಬಡಿಸಿದರು: ಮತ್ತೆ ಖಾನ್, ಮತ್ತೆ ಗಾಜಿನ ಆಚೀಚೆ ಸಾವು, ಈ ಸಲ ಪಾತ್ರಗಳು ಮಾತ್ರ ಅದಲುಬದಲು. ಅದೇ ವರ್ಷ ಲಾಸ್ ವೇಗಾಸ್‌ನ ಸಮಾವೇಶದಲ್ಲಿ ಸೇರಿದ್ದ ಅಭಿಮಾನಿಗಳು ಟ್ರೆಕ್ ಸಿನಿಮಾಗಳಿಗೆ ರ‍್ಯಾಂಕ್ ಕೊಟ್ಟು ಅದನ್ನು ಕಟ್ಟಕಡೆಗೆ ತಳ್ಳಿದರು. 1982ರಲ್ಲಿ ಅಭಿಮಾನಿಗಳು ಬೇಡ ಅಂದದ್ದನ್ನು ಕೊಟ್ಟು ಮನಸ್ಸು ಗೆದ್ದಿದ್ದರು. 2013ರಲ್ಲಿ ಅವರಿಗೆ ಬೇಕಾದದ್ದು ಇದೇ ಅಂದುಕೊಂಡು ಕೊಟ್ಟು ಸೋತರು.

ಈ ಪಟ್ಟಿಯನ್ನು ಹೇಗೆ ತಿರುಗಿಸಿ ನೋಡಿದರೂ "ನಮ್ಮವರಾ, ಹೊರಗಿನವರಾ" ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ನನಗೆ ಕಾಣುವುದು ಎರಡು ಸಂಗತಿ. ಒಂದು, ನಾವು ನಿರ್ದೇಶಕರ ಹೆಸರಿಗೆ ಕಿತ್ತಾಡುತ್ತೇವೆ, ಆದರೆ ಆಟ ಬದಲಾದದ್ದು ನಿರ್ಮಾಪಕರ ಕುರ್ಚಿ ಬದಲಾದಾಗ. ಮೇಯರ್‌ನನ್ನು ಕರೆತಂದು, 12 ದಿನ ಅವರ ಪಾಡಿಗೆ ಬಿಟ್ಟವರು ಬೆನೆಟ್. ಎರಡು, ಪ್ರೀತಿಯೂ ಅರ್ಹತೆಯಲ್ಲ, ಪ್ರೀತಿ ಇಲ್ಲದಿರುವುದೂ ಅರ್ಹತೆಯಲ್ಲ. ಹಳೆಯದನ್ನು ಕೂತು ಓದಿ, ಉತ್ತರ ಸಿಗದೆ ಉಳಿದ ಪ್ರಶ್ನೆ ಎಲ್ಲಿದೆ ಅಂತ ಹುಡುಕುವವರು ಬೇಕು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ, ಅದನ್ನು ಮರೆಯಬಾರದು. ತಾನು ಕಂಡ ಶಾಂತಿಯ ನಾಳೆಗೆ ಹೊಸಬರು ಮಿಲಿಟರಿ ಸಮವಸ್ತ್ರ ತೊಡಿಸಿದರು ಅಂತ ರಾಡನ್‌ಬೆರಿ ಕೊನೆಯವರೆಗೂ ನೊಂದರು. ಮೇಯರ್ ಮತ್ತೆ ನಿರ್ದೇಶಿಸಿದ ಆರನೇ ಸಿನಿಮಾದಲ್ಲಿ ನಮ್ಮ ನಾಯಕರೇ ಶತ್ರು ಜನಾಂಗವನ್ನು ದ್ವೇಷಿಸುತ್ತಾರೆ. ನನ್ನ ಪಾತ್ರಗಳು ಹೀಗಲ್ಲ ಅಂತ ಕಾಯಿಲೆಯಲ್ಲಿದ್ದ ರಾಡನ್‌ಬೆರಿ ವಾದಿಸಿದರು, ಮೇಯರ್ ಜಗ್ಗಲಿಲ್ಲ. ಸಿದ್ಧವಾದ ಸಿನಿಮಾ ನೋಡಿದ ಕೆಲವೇ ದಿನಕ್ಕೆ, 1991ರ ಅಕ್ಟೋಬರ್ 24ರಂದು ಅವರು ತೀರಿಕೊಂಡರು. ಆ ಜಗಳದಲ್ಲಿ ತಾನು ನಡೆದುಕೊಂಡ ರೀತಿಗೆ ಮೇಯರ್ ಆತ್ಮಕಥನದಲ್ಲಿ ವಿಷಾದಪಟ್ಟಿದ್ದಾರೆ. ಸಿನಿಮಾ ಒಳ್ಳೆಯದಾಗಿತ್ತು. ರಾಡನ್‌ಬೆರಿಯ ನೋವೂ ನಿಜವಾಗಿತ್ತು. ಯಾರು ಮಾಡಬೇಕು ಅಂತ ನಾವು ಆರಾಮಾಗಿ ಹೆಸರು ಕೂಗುವಾಗ, ಬದಿಗೆ ಸರಿಸಿದ ಕುರ್ಚಿಯಲ್ಲಿ ಒಬ್ಬರು ಕೂತಿರುತ್ತಾರೆ ಅನ್ನುವುದೂ ನೆನಪಿರಲಿ.