ಒಂದು ವೈದ್ಯಕೀಯ ವರದಿ, ಎರಡು ಸಾಲು: 1978ರ ತೀರ್ಪಿನ ವಾಡಿಕೆಯ ಓದಿನ ಬಗ್ಗೆ

ಠಾಣೆಯೊಳಗೇ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ದೇಸಾಯಿಗಂಜ್ ಠಾಣೆಯ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ 1978ರ ಸೆಪ್ಟೆಂಬರ್ 15ರಂದು ಖುಲಾಸೆ ಮಾಡಿತು. ಆ ಹುಡುಗಿಯ ನಡತೆ ಸರಿಯಿಲ್ಲವೆಂದು ಕೋರ್ಟು ಹೀಗೆ ಮಾಡಿತು ಎಂಬ ಮಾತು ಲೇಖನದಿಂದ ಲೇಖನಕ್ಕೆ ನಕಲಾಗುತ್ತ ಬಂದಿದೆ. (ಸೆಷನ್ಸ್, ಹೈಕೋರ್ಟ್, ಸುಪ್ರೀಂ ಕೋರ್ಟ್ ಮೂರೂ ನ್ಯಾಯಾಲಯಗಳ ನಿಲುವನ್ನು ಒಂದೇ ವಾಕ್ಯದಲ್ಲಿ ಮುಗಿಸುವವರು ತೀರ್ಪನ್ನು ಬಿಡಿಸಿ ನೋಡಿದ್ದಾರೆಂದು ನಂಬುವುದು ಕಷ್ಟ.) ಹುಡುಗಿಗೆ ಲೈಂಗಿಕ ಸಂಪರ್ಕ ರೂಢಿಯಾಗಿತ್ತು, ಆಕೆ ಸುಳ್ಳುಗಾತಿ ಎಂದದ್ದು 1974ರ ಸೆಷನ್ಸ್ ನ್ಯಾಯಾಲಯ. ಸುಪ್ರೀಂ ಕೋರ್ಟ್ ತನ್ನ ವಾದವನ್ನು ಕಟ್ಟಿದ್ದು ಮುಖ್ಯವಾಗಿ ಬೇರೊಂದು ಆಧಾರದ ಮೇಲೆ.

ಆ ಆಧಾರ ಇರುವುದು ವೈದ್ಯರ ವರದಿಯಲ್ಲಿ. ಘಟನೆ ನಡೆದದ್ದು 1972ರ ಮಾರ್ಚ್ 26ರ ರಾತ್ರಿ. ಪರೀಕ್ಷೆ ನಡೆದದ್ದು ಸುಮಾರು 20 ಗಂಟೆಗಳ ನಂತರ. ಮೈಮೇಲೆ ಗಾಯವಿಲ್ಲ ಎಂಬುದು ವರದಿಯ ಒಂದು ಸಾಲು. ಕನ್ಯಾಪೊರೆಯಲ್ಲಿ ಹಳೆಯ ಬಿರುಕುಗಳಿವೆ, ಎರಡು ಬೆರಳು ಸಲೀಸಾಗಿ ಹೋಗುತ್ತವೆ ಎಂಬುದು ಇನ್ನೊಂದು. ಸೆಷನ್ಸ್ ನ್ಯಾಯಾಧೀಶರು ಎರಡನೆಯ ಸಾಲಿನಿಂದ ಹುಡುಗಿಯ ಚಾರಿತ್ರ್ಯವನ್ನು ಅಳೆದರು. ಸುಪ್ರೀಂ ಕೋರ್ಟ್ ಮೊದಲನೆಯದನ್ನು ಹಿಡಿದುಕೊಂಡಿತು: ಗಾಯವಿಲ್ಲದ ಮೇಲೆ ಪ್ರತಿರೋಧವಿಲ್ಲ, ಹಾಗಾಗಿ ಕೂಗಿಕೊಂಡೆ ಎಂಬ ಮಾತು ಕಟ್ಟುಕತೆ, ನಡೆದದ್ದು ಸಮ್ಮತಿಯಿಂದ. ಕೆಳ ನ್ಯಾಯಾಲಯದ ಮಾತುಗಳನ್ನು ಸುಪ್ರೀಂ ಕೋರ್ಟ್ ಉಲ್ಲೇಖಿಸಿದೆಯಲ್ಲ, ಅಷ್ಟರಮಟ್ಟಿಗೆ ಒಪ್ಪಿದಂತಲ್ಲವೇ ಎಂದು ಕೇಳಬಹುದು. ಇರಬಹುದು. ಆದರೆ ಉಲ್ಲೇಖಿಸುವುದು ಬೇರೆ, ಅದರ ಮೇಲೆ ವಾದ ಕಟ್ಟುವುದು ಬೇರೆ. ನಡತೆಯ ಪ್ರಸ್ತಾಪವನ್ನೆಲ್ಲ ತೆಗೆದುಹಾಕಿದರೂ ಸುಪ್ರೀಂ ಕೋರ್ಟಿನ ತರ್ಕ ಕುಸಿಯುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಅಂದಿನ ಕಾನೂನೇ ಹಾಗಿತ್ತು, ನ್ಯಾಯಮೂರ್ತಿಗಳು ಏನು ಮಾಡಬೇಕಿತ್ತು ಎಂಬ ಸಮರ್ಥನೆ ಈ ವಾಡಿಕೆಯ ಓದಿಗಿಂತ ದುರ್ಬಲ. ದಂಡಸಂಹಿತೆಯ 375ನೆಯ ಕಲಮು ಸಮ್ಮತಿಯ ಬಗ್ಗೆ, ಭಯದ ಬಗ್ಗೆ ಮಾತಾಡುತ್ತಿತ್ತೇ ಹೊರತು ಗಾಯದ ಗುರುತು ಕೇಳುತ್ತಿರಲಿಲ್ಲ. ಇದಕ್ಕೆ ಬಲವಾದ ಸಾಕ್ಷಿ, ಯಾರೂ ಹೆಚ್ಚು ಗಮನಿಸದ 1976ರ ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ತೀರ್ಪು. ಅದರ ಮುಂದಿದ್ದದ್ದೂ ಇದೇ ಕಾನೂನು, ಇದೇ ವರದಿ. ಪೊಲೀಸರು ಹುಡುಗಿಗೆ ಅಪರಿಚಿತರು, ಠಾಣೆಗೆ ದೂರು ಒಯ್ದವನು ಅವಳ ಅಣ್ಣ. ಅಂಥ ಹೊತ್ತಿನಲ್ಲಿ ಅವಳೇ ಮುಂದಾಗಿ ಅವರನ್ನು ಬಯಸುವುದು ಅಸಂಭವ ಎಂದು ಪೀಠ ತರ್ಕಿಸಿತು. ಭಯದಿಂದ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದೂ ಹೇಳಿತು. ವೀರ್ಯದ ಕುರುಹು ದೇಹದಲ್ಲಿ ಸಿಗದಿದ್ದರೆ 20 ಗಂಟೆಗಳ ಅಂತರ ಮತ್ತು ಅಷ್ಟರಲ್ಲಿ ಸ್ನಾನ ಮಾಡಿರಬಹುದಾದ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದಿತು. ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಒಂದು ವರ್ಷ ಶಿಕ್ಷೆಯಾಯಿತು. ಬೇರೆ ರೀತಿ ಯೋಚಿಸಲು ಅಂದು ಸಾಧ್ಯವೇ ಇರಲಿಲ್ಲ ಎನ್ನುವವರು ಮೊದಲು ಈ ತೀರ್ಪಿಗೆ ಉತ್ತರಿಸಲಿ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಬರೆದ ಬಹಿರಂಗ ಪತ್ರವನ್ನು ಎಲ್ಲರೂ ಹೆಸರಿಸುತ್ತಾರೆ. ಆ ಪತ್ರದ ಪರಂಪರೆಗೆ ಸೇರಿದವನೇ ನಾನೂ. ಆದರೆ ಅದರ ನೆರಳಿನಲ್ಲಿ ನಾಗಪುರ ಪೀಠದ ವಾದ ಮರೆಯಾದದ್ದು ನಷ್ಟವೇ.

ಎರಡೂ ಸಾಲುಗಳನ್ನು ಒಂದೇ ಎಂದು ಓದಿದ್ದರ ಪರಿಣಾಮ ಸಣ್ಣದಲ್ಲ. ನಡತೆಯ ಸಾಲಿನ ಮೇಲೆ ದಾಳಿ ನಡೆಯಿತು, ಅದು ಗೆದ್ದಿತು ಕೂಡ: ದೂರುದಾರಳ ನಡತೆಯನ್ನು ಎತ್ತಲು ಬಿಡುತ್ತಿದ್ದ ಸಾಕ್ಷ್ಯ ಅಧಿನಿಯಮದ 155(4) 2002ರ ತಿದ್ದುಪಡಿಯಿಂದ ರದ್ದಾಯಿತು, 2013ರಲ್ಲಿ ಸುಪ್ರೀಂ ಕೋರ್ಟ್ ಎರಡು ಬೆರಳಿನ ಪರೀಕ್ಷೆಯನ್ನು ಖಂಡಿಸಿತು. ಗಾಯದ ಸಾಲಿಗೆ ಆ ಬಿಸಿ ತಟ್ಟಲಿಲ್ಲ. ಸಾಕ್ಷ್ಯ ಅಧಿನಿಯಮಕ್ಕೆ 1983ರಲ್ಲಿ ಬಂದ 114ಎ ಕಲಮು ಠಾಣೆಯಂಥ ಅಧಿಕಾರದ ಜಾಗಗಳಲ್ಲಿ ನಡೆದವೂ ಸೇರಿ ಕೆಲವು ಬಗೆಯ ಪ್ರಕರಣಗಳಿಗೆ ಮಾತ್ರ ಅಸಮ್ಮತಿಯ ಪೂರ್ವಭಾವನೆ ಕಲ್ಪಿಸಿತು. ದೈಹಿಕವಾಗಿ ಪ್ರತಿರೋಧಿಸದ ಮಾತ್ರಕ್ಕೆ ಹೆಣ್ಣು ಒಪ್ಪಿದಂತಲ್ಲ ಎಂದು 375ನೆಯ ಕಲಮು ಬಾಯಿಬಿಟ್ಟು ಹೇಳಲು 2013ರವರೆಗೆ ಕಾಯಬೇಕಾಯಿತು.

ಅಲ್ಲಿಗೂ ಮುಗಿಯಲಿಲ್ಲ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರದ ಆರೋಪಿಗೆ ನಿರೀಕ್ಷಣಾ ಜಾಮೀನು ನೀಡುವಾಗ, ಕೃತ್ಯದ ನಂತರ ದಣಿದು ಮಲಗಿದೆನೆಂದ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದಲ್ಲಿ ಬರೆಯಿತು. ಮುಂದಿನ ತಿಂಗಳು ತಾನೇ ಆ ಸಾಲನ್ನು ತೆಗೆದುಹಾಕಿತು. ಜಾಮೀನು ಆದೇಶವನ್ನು ಅಂತಿಮ ತೀರ್ಪಿನ ಜೊತೆ ಇಡಬಾರದು ಎಂಬ ಆಕ್ಷೇಪ ಸರಿಯೇ. ಆದರೂ ಎರಡೂ ಕಡೆ ಕೇಳುತ್ತಿರುವುದು ಒಂದೇ ಪ್ರಶ್ನೆ: ಹೆಣ್ಣು ಒಪ್ಪಿರಲಿಲ್ಲ ಎಂಬುದಕ್ಕೆ ಗುರುತೇನು? 1978ರಲ್ಲಿ ಅದಕ್ಕೆ ಉತ್ತರ ಕೊಡಬೇಕಾಗಿದ್ದದ್ದು ಹುಡುಗಿಯ ಚರ್ಮ; 2020ರಲ್ಲಿ ಹೆಣ್ಣಿನ ನಿದ್ದೆ.