ಅತಿವೇಗದ ದಂಡ: ಪೊಲೀಸರು ತಡೆದಾಗ ಏನು ಮಾಡಬೇಕು, ತಪ್ಪು ಚಲನ್ ಬಂದರೆ ಎಲ್ಲಿ ಪ್ರಶ್ನಿಸಬೇಕು

ಬೆಂಗಳೂರು: ಮೊಬೈಲ್‌ಗೆ ಒಂದು ಎಸ್‌ಎಂಎಸ್ ಬರುತ್ತದೆ. ಅದರಲ್ಲಿ ವಾಹನದ ನೋಂದಣಿ ಸಂಖ್ಯೆ, ದಿನಾಂಕ, ಅತಿವೇಗ ಎಂಬ ಒಂದು ಪದ ಮತ್ತು ದಂಡದ ಮೊತ್ತ ಇರುತ್ತವೆ. ರಾಜ್ಯದ ನಗರಗಳ ಅನೇಕ ವಾಹನ ಮಾಲೀಕರಿಗೆ ಈಗ ಸಂಚಾರ ಪೊಲೀಸರ ದರ್ಶನವಾಗುವುದು ಹೀಗೆ. ಸಾವಿರ ರೂಪಾಯಿ ಕಟ್ಟಿ ಕೈತೊಳೆದುಕೊಂಡರೆ ಮುಗಿಯಿತು ಎಂಬುದು ಹಲವರ ಲೆಕ್ಕಾಚಾರ. ಆದರೆ 2019ರ ತಿದ್ದುಪಡಿಯ ಬಳಿಕ ಈ ಲೆಕ್ಕ ಪೂರ್ತಿ ಸರಿಹೊಂದುವುದಿಲ್ಲ.

ಮೋಟಾರು ವಾಹನ ಕಾಯ್ದೆ, 1988ರ 183ನೇ ಕಲಂ ಅತಿವೇಗದ ಚಾಲನೆಗೆ ಸಂಬಂಧಿಸಿದ್ದು. ಮೂಲ ಕಾಯ್ದೆಯಲ್ಲಿ ಮೊದಲ ಬಾರಿಯ ತಪ್ಪಿಗೆ ಗರಿಷ್ಠ ದಂಡ ಕೇವಲ 400 ರೂಪಾಯಿ ಇತ್ತು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಲಘು ವಾಹನಗಳಿಗೆ 1000ದಿಂದ 2000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2000ದಿಂದ 4000 ರೂಪಾಯಿ ದಂಡವನ್ನು ನಿಗದಿಪಡಿಸಿತು. ಜನರ ಆಕ್ರೋಶದ ಹಿನ್ನೆಲೆಯಲ್ಲಿ ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ಅಪರಾಧಗಳ ದಂಡವನ್ನು ತಗ್ಗಿಸಿದ್ದು ಓದುಗರಿಗೆ ನೆನಪಿರಬಹುದು.

ದಂಡದ ಮೊತ್ತಕ್ಕಿಂತ ಮುಖ್ಯವಾದ ಬದಲಾವಣೆ ಮತ್ತೊಂದಿದೆ. ಎರಡನೇ ಬಾರಿ ಅಥವಾ ನಂತರ ಅದೇ ತಪ್ಪು ಮಾಡಿದರೆ ಚಾಲನಾ ಪರವಾನಗಿಯನ್ನು ವಶಕ್ಕೆ ಪಡೆದು ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ಕಳುಹಿಸಲು 206ನೇ ಕಲಂ ಅವಕಾಶ ನೀಡುತ್ತದೆ. ಅಲ್ಲಿ ಪರವಾನಗಿದಾರರ ಅಹವಾಲು ಕೇಳಿದ ನಂತರ ಮೂರು ತಿಂಗಳ ಅನರ್ಹತೆ ವಿಧಿಸಬಹುದು. ಪೊಲೀಸರ ಬಳಿ ದಂಡ ಕಟ್ಟಿ ರಾಜಿ ಮಾಡಿಕೊಂಡ ಪ್ರಕರಣವನ್ನೂ 'ಹಿಂದೆ ಎಸಗಿದ ಅಪರಾಧ' ಎಂದೇ ಪರಿಗಣಿಸಬೇಕೆಂದು 200ನೇ ಕಲಮಿಗೆ ಸೇರಿಸಿದ ಉಪಬಂಧ ಹೇಳುತ್ತದೆ. ಅಂದರೆ ತಾವು ಮಾಡದ ತಪ್ಪಿಗೆ ಬೇಸರದಿಂದ ದಂಡ ಕಟ್ಟಿದವರು, ಮುಂದೊಂದು ದಿನ ನಿಜವಾಗಿಯೂ ಸಿಕ್ಕಿಬಿದ್ದಾಗ ಎರಡನೇ ಬಾರಿಯ ಅಪರಾಧಿಯಾಗುತ್ತಾರೆ. ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸುವವರಿಗೆ ಮೂರು ತಿಂಗಳ ಅನರ್ಹತೆ ಎಂದರೆ ಮೂರು ತಿಂಗಳ ಸಂಪಾದನೆಯೇ ಹೋದಂತೆ.

ರಸ್ತೆಯಲ್ಲಿ ತಡೆದಾಗ

ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲನಾ ಪರವಾನಗಿಯನ್ನು ತೋರಿಸುವುದು 130ನೇ ಕಲಮಿನ ಪ್ರಕಾರ ಚಾಲಕರ ಕರ್ತವ್ಯ. ಕಾಗದದ ದಾಖಲೆಯೇ ಬೇಕೆಂದೇನಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲಿ ಮಾಡಿದ ತಿದ್ದುಪಡಿಯ ನಂತರ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಡಿಎಲ್, ಆರ್‌ಸಿ, ವಿಮೆ ದಾಖಲೆಗಳಿಗೂ ಮಾನ್ಯತೆ ಇದೆ. ಮೂಲ ದಾಖಲೆಯನ್ನು ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡಿದ್ದರೆ ಈ ಮಾನ್ಯತೆ ಸಿಗದು ಎಂಬುದನ್ನು ಗಮನಿಸಬೇಕು.

ದಾಖಲೆ ಪರಿಶೀಲನೆಗೆಂದೇ ವಾಹನಗಳನ್ನು ತಡೆಯಬಾರದು, ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇದ್ದರಷ್ಟೇ ನಿಲ್ಲಿಸಬೇಕು ಎಂದು 2022ರ ಜೂನ್‌ನಲ್ಲಿ ಅಂದಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಬಹಿರಂಗವಾಗಿಯೇ ಸೂಚಿಸಿದ್ದರು. ಕುಡಿದು ವಾಹನ ಚಲಾಯಿಸುವವರ ತಪಾಸಣೆಗೆ ಮಾತ್ರ ಇದರಿಂದ ವಿನಾಯಿತಿ ಇತ್ತು. ಆದೇಶ ಕಾಗದದಲ್ಲಿ ಉಳಿಯಿತೋ ರಸ್ತೆಗೆ ಇಳಿಯಿತೋ ಎಂಬುದಕ್ಕೆ 2025ರ ಮೇ ತಿಂಗಳ ಮಂಡ್ಯದ ದುರಂತವೇ ಉತ್ತರ. ನಾಯಿ ಕಚ್ಚಿದ್ದ ಪುಟ್ಟ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಂಪತಿಯ ಬೈಕನ್ನು ಸಂಚಾರ ಪೊಲೀಸರು ತಡೆದ ಸಂದರ್ಭದಲ್ಲಿ ಮಗು ರಸ್ತೆಗೆ ಬಿದ್ದು ಮೃತಪಟ್ಟಿತು. ಮೂವರು ಎಎಸ್‌ಐಗಳು ಅಮಾನತುಗೊಂಡರು. ಆ ನಂತರ ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಹೊಸ ಸುತ್ತೋಲೆ ಹೊರಬಿತ್ತು. ಓಡುವ ವಾಹನಕ್ಕೆ ಹಠಾತ್ತನೆ ಅಡ್ಡ ಹೋಗಬಾರದು, ಕೀ ಕಿತ್ತುಕೊಳ್ಳಬಾರದು, ಬೆನ್ನಟ್ಟಬಾರದು ಎಂಬ ಸೂಚನೆಗಳು ಅದರಲ್ಲಿದ್ದವು.

ತಡೆದಾಗ ಎಡಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಯಾವ ಕಲಮಿನಡಿ ಪ್ರಕರಣ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಎದೆಯ ಮೇಲಿನ ನಾಮಫಲಕವನ್ನು ಓದಿ ನೆನಪಿಟ್ಟುಕೊಳ್ಳಿ. ಅತಿವೇಗದ ಆರೋಪವಾದರೆ ಸಾಧನದಲ್ಲಿ ದಾಖಲಾದ ವೇಗ, ಸಮಯ ಮತ್ತು ವಾಹನದ ಚಿತ್ರವನ್ನು ತೋರಿಸುವಂತೆ ವಿನಂತಿಸಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸ್ಥಳದಲ್ಲೇ ಕಟ್ಟಲು ಮನಸ್ಸಿಲ್ಲದಿದ್ದರೆ ನ್ಯಾಯಾಲಯದಲ್ಲಿ ಎದುರಿಸುವುದಾಗಿ ಹೇಳಿ ನೋಟಿಸ್ ಪಡೆಯಬಹುದು. ಪರವಾನಗಿಯನ್ನು ವಶಪಡಿಸಿಕೊಂಡರೆ ಅದಕ್ಕೆ ಬದಲಾಗಿ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ವಾಹನವನ್ನೇ ತಡೆಹಿಡಿಯುವ 207ನೇ ಕಲಮು ಪರವಾನಗಿ ಇಲ್ಲದ ಅಥವಾ ಅಪ್ರಾಪ್ತ ಚಾಲಕ, ನೋಂದಣಿ ಇಲ್ಲದ ವಾಹನ, ಪರ್ಮಿಟ್ ಉಲ್ಲಂಘನೆ ಇಂಥ ಸಂದರ್ಭಗಳಿಗೆ ಸಂಬಂಧಿಸಿದ್ದೇ ಹೊರತು ಅತಿವೇಗ ಅದರ ಪಟ್ಟಿಯಲ್ಲಿಲ್ಲ.

ಹಾಗೆಂದು ರಸ್ತೆಯಲ್ಲೇ ವಾದ ಹೂಡುವುದು ಜಾಣತನವಲ್ಲ. ಅಧಿಕಾರಿಯ ಕಾನೂನುಬದ್ಧ ನಿರ್ದೇಶನವನ್ನು ಧಿಕ್ಕರಿಸಿದರೆ ಅಥವಾ ಕರ್ತವ್ಯಕ್ಕೆ ಅಡ್ಡಿಪಡಿಸಿದರೆ 179ನೇ ಕಲಮಿನಡಿ 2000 ರೂಪಾಯಿವರೆಗೆ ಬೇರೆಯೇ ದಂಡವಿದೆ. ಅಧಿಕಾರಿಯೇ ತಪ್ಪಿರಬಹುದು, ಆದರೆ ಅದನ್ನು ತೀರ್ಮಾನಿಸುವ ಜಾಗ ಅದಲ್ಲ.

ವೇಗಕ್ಕೆ ಪುರಾವೆ ಏನು?

'ನೋಡಿದರೇ ಗೊತ್ತಾಗುತ್ತದೆ, ಜೋರಾಗಿ ಬರುತ್ತಿದ್ದ' ಎಂಬ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲಷ್ಟೇ ಯಾರನ್ನೂ ಅತಿವೇಗದ ಅಪರಾಧಿ ಎಂದು ತೀರ್ಮಾನಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಅಳತೆಯ ಆಧಾರ ಇರಬೇಕು ಎಂದು 183ನೇ ಕಲಮಿನ 3ನೇ ಉಪಕಲಮು ಸ್ಪಷ್ಟಪಡಿಸಿದೆ. ವಾಹನ ಸವಾರರ ಪಾಲಿಗೆ ಇಡೀ ಕಲಮಿನಲ್ಲಿ ಅತ್ಯಂತ ಉಪಯುಕ್ತವಾದ ವಾಕ್ಯ ಇದು.

ಮಿತಿಯೂ ಕಾನೂನುಬದ್ಧವಾಗಿ ನಿಗದಿಯಾಗಿರಬೇಕು. ಯಾವುದೇ ರಸ್ತೆಯಲ್ಲಿ ವೇಗದ ಮಿತಿಯನ್ನು ಇಳಿಸಬೇಕಾದರೆ ರಾಜ್ಯ ಸರ್ಕಾರ ಅಥವಾ ಅಧಿಕೃತ ಪ್ರಾಧಿಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು, ಜೊತೆಗೆ ಸೂಕ್ತ ಸ್ಥಳಗಳಲ್ಲಿ ಫಲಕ ಹಾಕಬೇಕು ಎಂದು 112ನೇ ಕಲಮು ಹೇಳುತ್ತದೆ. ಒಂದು ತಿಂಗಳಿಗೆ ಮೀರದ ತಾತ್ಕಾಲಿಕ ನಿರ್ಬಂಧಕ್ಕೆ ಮಾತ್ರ ಅಧಿಸೂಚನೆಯಿಂದ ವಿನಾಯಿತಿ. ಫಲಕವೇ ಇಲ್ಲದ, ಮರದ ಕೊಂಬೆ ಅಥವಾ ಜಾಹೀರಾತಿನ ಹಿಂದೆ ಮರೆಯಾದ ಕಡೆಗಳಲ್ಲಿ ಚಲನ್ ಬಂದಿದ್ದರೆ ಆ ದಿನವೇ ಹೋಗಿ ಛಾಯಾಚಿತ್ರ ತೆಗೆದುಕೊಳ್ಳುವುದು ಒಳಿತು. ವಾರ ಕಳೆದ ಮೇಲೆ ಕೊಂಬೆ ಕತ್ತರಿಸಿರುತ್ತಾರೆ.

ಸಾಧನದ ಬಗ್ಗೆ ಒಂದು ತಪ್ಪು ಕಲ್ಪನೆ ಪ್ರಚಲಿತದಲ್ಲಿದೆ. ರಸ್ತೆಯ ಪಕ್ಕದಿಂದ ಓರೆಯಾಗಿ ಹಿಡಿದ ರೇಡಾರ್ ಗನ್ ವೇಗವನ್ನು ಹೆಚ್ಚು ತೋರಿಸುತ್ತದೆ ಎಂದು ಹಲವರು ವಾದಿಸುತ್ತಾರೆ. ವಾಸ್ತವ ತದ್ವಿರುದ್ಧ. ಒಂದೆಡೆ ನಿಂತು ಅಳೆಯುವಾಗ ಕೋನ ಹೆಚ್ಚಿದಷ್ಟೂ ಸಾಧನ ತೋರಿಸುವ ವೇಗ ನೈಜ ವೇಗಕ್ಕಿಂತ ಕಡಿಮೆಯಾಗುತ್ತದೆ, ಲಾಭ ಚಾಲಕನಿಗೇ. ನಿಜವಾದ ಸಂದೇಹಗಳು ಬೇರೆ. ರೇಡಾರ್ ಕಿರಣ ದೂರ ಹೋದಂತೆ ಅಗಲವಾಗುವುದರಿಂದ ಅಕ್ಕಪಕ್ಕದಲ್ಲಿ ಎರಡು ವಾಹನಗಳಿದ್ದಾಗ ದಾಖಲಾದ ವೇಗ ಯಾವುದರದ್ದು ಎಂಬ ಪ್ರಶ್ನೆ ಏಳುತ್ತದೆ. ಲೇಸರ್ ಗನ್‌ನ ಕಿರಣ ಕಿರಿದಾದ್ದರಿಂದ ಅಲ್ಲಿ ಈ ಗೊಂದಲ ಕಡಿಮೆ. ಇನ್ನೊಂದು ಪ್ರಶ್ನೆ ಸಾಧನದ ನಿಖರತೆಯದ್ದು. ವೇಗ ಅಳೆಯುವ ರೇಡಾರ್ ಉಪಕರಣಗಳ ತಪಾಸಣೆ ಮತ್ತು ಮುದ್ರೆಯನ್ನು ಕಡ್ಡಾಯಗೊಳಿಸುವ ನಿಯಮವನ್ನು ಕೇಂದ್ರ ಸರ್ಕಾರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿ, ಜುಲೈ 1ರಿಂದ ಜಾರಿಯಾಗುವಂತೆ ನಿಗದಿ ಮಾಡಿತು. ಅಂಗಡಿಯ ತಕ್ಕಡಿಗೆ ಮುದ್ರೆ ಇರಬೇಕಾದಂತೆ ಪೊಲೀಸರ ರೇಡಾರಿಗೂ ಇರಬೇಕು ಎಂಬುದು ಇದರ ತಿರುಳು.

ಕ್ಯಾಮೆರಾ ಚಲನ್‌ಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮ ಅನ್ವಯಿಸುತ್ತದೆ. ಸಾಧನಕ್ಕೆ ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಅನುಮೋದನಾ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿವರ್ಷ ನವೀಕರಿಸಬೇಕು. ಕ್ಯಾಮೆರಾ ನಿಗಾ ಇರುವ ರಸ್ತೆಯಲ್ಲಿ ಮುಂಚಿತವಾಗಿ ಎಚ್ಚರಿಕೆ ಫಲಕ ಇರಬೇಕು. ನೋಂದಣಿ ಫಲಕ ಕಾಣುವ ಚಿತ್ರ, ಅಳತೆ, ದಿನಾಂಕ, ಸಮಯ, ಸ್ಥಳ ಮತ್ತು ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಚಲನ್ ಜೊತೆಗಿರಬೇಕು. ಚಲನ್ ತಲುಪಿಸುವ, ದಂಡ ಪಾವತಿಸುವ ಗಡುವುಗಳು ಆಗಾಗ ಬದಲಾಗುವುದರಿಂದ ನಿಮ್ಮ ನೋಟಿಸಿನಲ್ಲಿ ನಮೂದಾಗಿರುವ ದಿನಾಂಕವನ್ನೇ ನಂಬಿ ನಡೆಯಿರಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮಾತು ಇಲ್ಲಿ ಬರಲೇಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಸರಣಿ ಅಪಘಾತಗಳ ನಂತರ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಬಂದಿತು, ಕ್ಯಾಮೆರಾಗಳು ಬಂದವು. 130 ಕಿ.ಮೀ. ಮೀರಿದವರ ವಿರುದ್ಧ 2024ರ ಆಗಸ್ಟ್ 1ರಿಂದ ಎಫ್‌ಐಆರ್ ದಾಖಲಿಸುವುದಾಗಿ ಅಂದಿನ ಎಡಿಜಿಪಿ ಅಲೋಕ್ ಕುಮಾರ್ ಪ್ರಕಟಿಸಿದ್ದರು. ಎಫ್‌ಐಆರ್ ಆದರೆ ಅದು ಅಜಾಗರೂಕ ಚಾಲನೆಯ ಕ್ರಿಮಿನಲ್ ಪ್ರಕರಣ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಅಂಥ ಪ್ರಕರಣದಲ್ಲಿ ಈ ಲೇಖನ ಸಾಲದು, ವಕೀಲರನ್ನೇ ಕಾಣಬೇಕು.

ಪ್ರಶ್ನಿಸುವ ದಾರಿ

ಮೊದಲು ಚಲನ್‌ನಲ್ಲಿರುವ ಚಿತ್ರವನ್ನು ಬೆಂಗಳೂರು ಸಂಚಾರ ಪೊಲೀಸರ ಅಥವಾ ಪರಿವಾಹನ್ ಇ-ಚಲನ್ ಜಾಲತಾಣಕ್ಕೆ ತಾವೇ ಹೋಗಿ ನೋಡಿ. ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ, ಚಲನ್ ಹೆಸರಿನಲ್ಲಿ ನಕಲಿ ಆ್ಯಪ್ ಕಳುಹಿಸಿ ಖಾತೆ ಬರಿದು ಮಾಡುವ ವಂಚನೆ ನಡೆದಿದೆ. ಚಿತ್ರದಲ್ಲಿರುವುದು ನಿಮ್ಮ ವಾಹನವೇ ಅಲ್ಲದಿದ್ದರೆ, ಅಂದರೆ ಕ್ಯಾಮೆರಾ ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದರೆ ಅಥವಾ ಯಾರೋ ನಿಮ್ಮ ಸಂಖ್ಯೆಯ ನಕಲಿ ಫಲಕ ಹಾಕಿಕೊಂಡಿದ್ದರೆ, ನ್ಯಾಯಾಲಯದ ತನಕ ಹೋಗಬೇಕಿಲ್ಲ. ಆರ್‌ಸಿ ಪ್ರತಿ, ವಾಹನದ ಮುಂಭಾಗ ಮತ್ತು ಹಿಂಭಾಗದ ಚಿತ್ರಗಳೊಂದಿಗೆ ಸಂಬಂಧಪಟ್ಟ ಸಂಚಾರ ಠಾಣೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಕಲಿ ಫಲಕದ ಅನುಮಾನವಿದ್ದರೆ ಪ್ರತ್ಯೇಕ ದೂರನ್ನೂ ದಾಖಲಿಸುವುದು ಕ್ಷೇಮ. ಆ ವಾಹನ ನಾಳೆ ಅಪಘಾತ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ವಾಹನ ನಿಮ್ಮದೇ, ವೇಗದ ಬಗ್ಗೆ ತಕರಾರು ಎಂದಾದರೆ ದಾರಿ ಉದ್ದವಾಗುತ್ತದೆ. ಪ್ರಕರಣ ಮ್ಯಾಜಿಸ್ಟ್ರೇಟ್ ಮುಂದೆ ಹೋದಾಗ 208ನೇ ಕಲಮಿನಡಿ ಬರುವ ಸಮನ್ಸ್ ಎರಡು ಆಯ್ಕೆ ಕೊಡುತ್ತದೆ. ಖುದ್ದಾಗಿ ಅಥವಾ ವಕೀಲರ ಮೂಲಕ ಹಾಜರಾಗುವುದು ಒಂದು, ತಪ್ಪೊಪ್ಪಿಕೊಂಡು ಹಣ ಕಳುಹಿಸುವುದು ಮತ್ತೊಂದು. ವರ್ಚುವಲ್ ನ್ಯಾಯಾಲಯದ ಮೂಲಕ ನೋಟಿಸ್ ಬಂದಿದ್ದರೆ ಪ್ರಶ್ನಿಸುವ ಆಯ್ಕೆಯನ್ನು ಒತ್ತಿದಾಗ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಅಲ್ಲಿ ಆರೋಪವನ್ನು ಸಾಬೀತುಪಡಿಸುವ ಹೊಣೆ ಪೊಲೀಸರದು. ಒಂದೆರಡು ದಿನದ ಕೂಲಿ, ಓಡಾಟ, ವಕೀಲರ ಶುಲ್ಕ ಸೇರಿದರೆ ದಂಡಕ್ಕಿಂತ ಖರ್ಚೇ ಹೆಚ್ಚು ಎಂಬುದು ನಿಜ. ಆದ್ದರಿಂದ ದಾಖಲೆ ಕೈಯಲ್ಲಿರುವವರಷ್ಟೇ ಈ ದಾರಿ ಹಿಡಿಯುವುದು ವಿವೇಕ.

ಆ ದಾಖಲೆಗೆ ಮಾಹಿತಿ ಹಕ್ಕು ಕಾಯ್ದೆ ನೆರವಾಗುತ್ತದೆ. ಸಾಧನದ ಅನುಮೋದನಾ ಪ್ರಮಾಣಪತ್ರ, ತಪಾಸಣೆಯ ದಿನಾಂಕ, ಆ ರಸ್ತೆಯ ವೇಗಮಿತಿಯ ಅಧಿಸೂಚನೆಯ ಪ್ರತಿ ಈ ಮೂರನ್ನು ಕೇಳಿದರೆ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು.

ರಿಯಾಯಿತಿಗೆ ಕಾಯುವವರೂ ಇದ್ದಾರೆ. 2023ರ ಫೆಬ್ರುವರಿಯಲ್ಲಿ ಮತ್ತು 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ನೀಡಿದಾಗ ಜನ ಮುಗಿಬಿದ್ದಿದ್ದರು. ಅರ್ಧ ಕಟ್ಟಿದರೂ ಅದು ದಂಡ ಕಟ್ಟಿದಂತೆಯೇ ಎಂಬುದು ತಪ್ಪು ಚಲನ್ ಬಂದವರಿಗೆ ತಿಳಿದಿರಲಿ.

ಇನ್ನು ಹಳೆಯ ವಾಹನ ಮಾರಿದವರ ಪಾಡು. ಖರೀದಿಸಿದವರು ಆರ್‌ಸಿ ವರ್ಗಾಯಿಸಿಕೊಳ್ಳದಿದ್ದರೆ ಚಲನ್ ಬರುವುದು ದಾಖಲೆಯಲ್ಲಿ ಹೆಸರಿರುವವರಿಗೇ. ಮಾರಿದ 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸುವುದು 50ನೇ ಕಲಮಿನ ಪ್ರಕಾರ ಮಾರಾಟಗಾರರ ಹೊಣೆ. ಆ ಅರ್ಜಿಯ ಸ್ವೀಕೃತಿ, ಮಾರಾಟದ ಕರಾರು, ವಾಹನ ಒಪ್ಪಿಸಿದ ದಿನಾಂಕ ಮತ್ತು ಸಮಯ ಬರೆದು ಖರೀದಿದಾರರಿಂದ ಸಹಿ ಪಡೆದ ಪತ್ರ ಇವಿಷ್ಟು ಇದ್ದರೆ ಠಾಣೆಯಲ್ಲಿ ಮಾತು ಹಗುರವಾಗುತ್ತದೆ.